ಯಾವುದೋ ಮಗು ಗೀಚಿದ್ದು

ಅತ್ತೆ ಓದಲು ಶುರುಮಾಡಿದ್ದು ಅರವತ್ತಮೂರನೆಯ ವಯಸ್ಸಿನಲ್ಲಿ, ಮಗ ತೀರಿಕೊಂಡ ಎಂಟು ತಿಂಗಳಿಗೆ. ಅವರ ಮಗ ಸಾತ್ವಿಕ್, ನನ್ನ ಗಂಡ.

ನಾನು ಕನ್ನಡ ಎಂ.ಎ. ಅವನು ಹೋದಮೇಲೆ ಒಂದು ಪುಟವನ್ನೂ ಓದಿರಲಿಲ್ಲ. ನೋಯ್ಡಾದ ಆಫೀಸಿಗೆ ಹೋಗುತ್ತಿದ್ದೆ, ಮಯೂರ್ ವಿಹಾರ್‌ನ ಫ್ಲಾಟಿಗೆ ವಾಪಸು ಬರುತ್ತಿದ್ದೆ, ಅತ್ತೆ ಬಡಿಸಿದ್ದನ್ನು ಉಣ್ಣುತ್ತಿದ್ದೆ.

ನಮ್ಮ ಕೋಣೆಯ ಕಪಾಟಿನಲ್ಲಿ ಹನ್ನೊಂದು ಕಾದಂಬರಿಗಳಿದ್ದವು. ಕನ್ನಡದವರ ಒಂದು ಸಂಘ ತನ್ನ ಲೈಬ್ರರಿಯ ಹಳೆಯ ಪುಸ್ತಕಗಳನ್ನು ವಿಲೇವಾರಿ ಮಾಡಿದಾಗ ಸಾತ್ವಿಕ್ ಹೊತ್ತು ತಂದವು. ನನಗಾಗಿ ತಂದನೆಂದು ಅತ್ತೆ ತಿಳಿದಿದ್ದರು. ಒಂದು ಮಧ್ಯಾಹ್ನ ಧೂಳು ಒರೆಸಲು ಕೆಳಗಿಳಿಸಿದ್ದಾರೆ, ಒಂದನ್ನು ಬಿಡಿಸಿದ್ದಾರೆ, ಅಲ್ಲೇ ಕೂತಿದ್ದಾರೆ. ಅವರು ಓದಿದ್ದು ಐದನೇ ಕ್ಲಾಸು. ಮದುವೆಯಾಗಿ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿಗೆ ಬಂದಮೇಲೆ ಓದಲು ಇದ್ದದ್ದು ಬಸ್ಸಿನ ನಂಬರು ಮಾತ್ರ ಎನ್ನುತ್ತಿದ್ದರು.

ಮೊದಲ ಪುಸ್ತಕಕ್ಕೆ ತಿಂಗಳು ಹಿಡಿಯಿತು. ನಾಲ್ಕನೆಯದಕ್ಕೆ ಒಂದು ವಾರ. ಊಟದ ಹೊತ್ತಿಗೆ, ‘ಆ ಶಾನುಭೋಗನ ತಂಗಿ ಇದಾಳಲ್ಲ, ಸುಳ್ಳಿ ಕಣೇ’ ಎಂದರೆ ಕೆಳಗಿನ ಫ್ಲಾಟಿನವರ ಮಾತೋ ಕಾದಂಬರಿಯ ಮಾತೋ ಎಂದು ನಾನು ಯೋಚಿಸಬೇಕಾಗುತ್ತಿತ್ತು. ಒಮ್ಮೆ ಗೇಟಿನ ಹತ್ತಿರ ತರಕಾರಿಯವನು ಕೊತ್ತಂಬರಿ ಕಟ್ಟು ಹಿಡಿದು, ಅತ್ತೆ ಹೇಳುತ್ತಿದ್ದ ಕಥೆ ಮುಂದೇನಾಯಿತೆಂದು ತಿಳಿಯಲು ನಿಂತೇ ಇದ್ದ.

‘ಫಿರ್ ಕ್ಯಾ ಹುವಾ, ಮಾತಾಜಿ?’

‘ಪತಾ ನಹೀ ಭಯ್ಯಾ, ಇನ್ನೂ ನಲವತ್ತು ಪುಟ ಬಾಕಿ. ಕಲ್ ಆನಾ,’ ಎಂದು ಅತ್ತೆ ನಾಳೆ ಬರಹೇಳಿದರು.

ನನಗೆ ಸಂತೋಷವಾಯಿತೋ ಹೊಟ್ಟೆಕಿಚ್ಚಾಯಿತೋ ಗೊತ್ತಾಗಲಿಲ್ಲ. ಮಗನ ಫೋಟೋದ ಎದುರು ತಿಂಗಳುಗಟ್ಟಲೆ ಗೋಡೆ ನೋಡುತ್ತ ಕೂತಿದ್ದವರು ಇವರೇನಾ ಅನ್ನಿಸಿತು.

ಊಟದ ಮೇಜಿನ ಮೇಲೆ ಆಗಾಗ ಕಪ್ಪು ಕಪ್ಪು ಪುಡಿ ಇರುತ್ತಿತ್ತು. ಸಾಸಿವೆ ಇರಬೇಕೆಂದು ಒರೆಸಿ ಹಾಕುತ್ತಿದ್ದೆ. ಒಂದು ಭಾನುವಾರ ನೋಡಿದೆ. ಅತ್ತೆ ಕನ್ನಡಕ ಏರಿಸಿಕೊಂಡು, ಪುಟವನ್ನು ಎಡಗೈಯಲ್ಲಿ ಅದುಮಿ ಹಿಡಿದು, ರಬ್ಬರಿನಿಂದ ಅಂಚನ್ನು ಉಜ್ಜುತ್ತಿದ್ದರು. ಉಫ್ ಎಂದು ಊದಿ, ಸೆರಗಿನಿಂದ ಒರೆಸಿ, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಓದತೊಡಗಿದರು.

‘ಏನು ಮಾಡ್ತಿದ್ದೀರಿ, ಅತ್ತೆ?’

‘ನೋಡೇ ಪ್ರೇರಣಾ, ಯಾವುದೋ ಮಗು ಪುಸ್ತಕದ ತುಂಬ ಗೀಚಿದೆ. ಒಂದರಲ್ಲಲ್ಲ, ಎಲ್ಲದರಲ್ಲೂ. ನಮ್ಮ ಮೇಷ್ಟ್ರಾಗಿದ್ರೆ ಗೆಣ್ಣಿನ ಮೇಲೆ ಹೊಡೀತಿದ್ರು. ಸರಸ್ವತಿ ಅಲ್ವಾ? ಆ ಮಗೂಗೆ ಮನೇಲಿ ಹೇಳೋರು ಕೇಳೋರು ಯಾರೂ ಇರಲಿಲ್ಲ ಅಂತ ಕಾಣುತ್ತೆ.’



ಸಾತ್ವಿಕ್ ದೆಹಲಿಯಲ್ಲೇ ಹುಟ್ಟಿ ಬೆಳೆದವನು. ಕನ್ನಡ ಆಡುತ್ತಿದ್ದ, ಅಕ್ಷರ ಬರುತ್ತಿರಲಿಲ್ಲ. ಮದುವೆಯಾದ ಮೊದಲ ಚಳಿಗಾಲದಲ್ಲಿ ನಾನು ಕಲಿಸಿದೆ. ಆಮೇಲೆ ಆ ಕಾದಂಬರಿಗಳನ್ನು ಪೆನ್ಸಿಲ್ ಹಿಡಿದೇ ಓದುತ್ತಿದ್ದ. ಮೂವತ್ತೊಂದು ವರ್ಷದವನ ಕೈಬರಹ ಒಂದನೇ ಕ್ಲಾಸಿನ ಮಗುವಿನದರ ಹಾಗಿತ್ತು. ‘ಅಮ್ಮನಿಗೆ ತೋರಿಸೋಣ’ ಎಂದರೆ, ‘ಅಭೀ ನಹೀ ಯಾರ್, ಸ್ವಲ್ಪ ಕೈ ಕೂರಲಿ’ ಎನ್ನುತ್ತಿದ್ದ. ಕೈ ಕೂರುವ ಮೊದಲೇ ಹೋದ.

‘ಇದು ಎಷ್ಟನೇದು?’ ಎಂದು ಕೇಳಿದೆ.

‘ಒಂಬತ್ತು. ಎಲ್ಲ ಕ್ಲೀನು ಮಾಡಿಟ್ಟಿದೀನಿ, ನೋಡು ಬೇಕಾದ್ರೆ.’

ನೋಡಿದೆ. ಅಂಚುಗಳು ಬೆಳ್ಳಗಿದ್ದವು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಪೆನ್ಸಿಲ್ ಒತ್ತಿದ ಗೆರೆ ಕಾಣುತ್ತಿತ್ತು, ಅಕ್ಷರ ಕೂಡುತ್ತಿರಲಿಲ್ಲ. ಅವನು ಏನು ಬರೆದಿದ್ದನೆಂದು ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಸಿಟ್ಟು ಬರಬೇಕಿತ್ತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಅವನು ಹೋದ ದಿನ ಬೆಳಿಗ್ಗೆ ಉಪ್ಪಿಟ್ಟು ಮಾಡಿದ್ದರು. ಆಮೇಲೆ ಮನೆಗೆ ರವೆಯನ್ನೇ ತಂದಿಲ್ಲ. ಹೇಳಿದರೆ ಪುಸ್ತಕಗಳನ್ನೂ ಮತ್ತೆ ಮುಟ್ಟುವುದಿಲ್ಲ. ಹೇಳದಿದ್ದರೆ ಉಳಿದದ್ದೂ ಅಳಿಸಿಹೋಗುತ್ತದೆ. ಅಂದು ಸಂಜೆ, ಅವರು ಹಾಲು ತರಲು ಹೋದಾಗ, ಅರ್ಧ ಓದಿದ್ದನ್ನೂ ಸೇರಿಸಿ ಉಳಿದ ಮೂರನ್ನೂ ಉಣ್ಣೆಬಟ್ಟೆಗಳ ಪೆಟ್ಟಿಗೆಯೊಳಗೆ ಇಟ್ಟೆ. ಸಂಘದವರು ವಾಪಸು ಕೇಳಿದರು, ಕೊಟ್ಟುಬಿಟ್ಟೆ ಎಂದೆ.

‘ಅರ್ಧದಲ್ಲೇ?’ ಎಂದರು ಅತ್ತೆ. ‘ಕಥೇಲಿ ಅವಳು ಬಾಗಿಲಿಗೆ ಬೀಗ ಹಾಕದೆ ಎದ್ದು ಹೋಗಿದಾಳೆ ಕಣೇ. ಎಲ್ಲಿಗೆ ಅಂತಲೂ ಗೊತ್ತಿಲ್ಲ.’

ಸೋಮವಾರ ಆಫೀಸಿನಿಂದ ಬಂದಾಗ ಟಿ.ವಿ. ದನಿಯಿಲ್ಲದೆ ಓಡುತ್ತಿತ್ತು. ಮಂಗಳವಾರವೂ ಹಾಗೇ. ಬುಧವಾರ ಟಿ.ವಿ.ಯೂ ಇರಲಿಲ್ಲ. ಅವರು ಫೋಟೋದ ಎದುರು, ಗೋಡೆಗೆ ಮುಖ ಮಾಡಿ ಕೂತಿದ್ದರು. ಗ್ಯಾಸಿನ ಮೇಲೆ ಏನೂ ಇರಲಿಲ್ಲ.

ಚಪ್ಪಲಿಯನ್ನೂ ಬಿಡದೆ ಹೋಗಿ ಪೆಟ್ಟಿಗೆ ತೆಗೆದೆ. ಅರ್ಧವಾಗಿದ್ದ ಪುಸ್ತಕವನ್ನು ಅವರ ಮಡಿಲಲ್ಲಿ ಇಟ್ಟೆ.

‘ಕೊಟ್ಟಿರಲಿಲ್ಲ. ಸುಳ್ಳು ಹೇಳಿದೆ.’

‘ಯಾಕೆ?’

‘ಅಳಿಸಬೇಡಿ, ಅತ್ತೆ. ಆ ಮಗು ಏನು ಬರೆದಿದೆ ಅಂತ ನನಗೆ ನೋಡಬೇಕು.’

ಅವರು ನನ್ನ ಕಡೆ ತಿರುಗಿದರು. ಈಗ ಹೇಳಿಬಿಡುತ್ತೇನೆ ಅಂದುಕೊಂಡೆ. ಬಾಯಿ ಬರಲಿಲ್ಲ.

‘ಅಚ್ಛಾ,’ ಎಂದರು. ‘ನಿನ್ನ ಎಂ.ಎ.ಗೆ ಇದೊಂದು ಬಾಕಿ ಇತ್ತು. ಅದಕ್ಕೆ ಬಚ್ಚಿಡಬೇಕಿತ್ತಾ, ಹುಚ್ಚಿ? ಬಾಯಿಬಿಟ್ಟು ಹೇಳೋದಲ್ವಾ.’ ಕನ್ನಡಕಕ್ಕಾಗಿ ಕೈ ಚಾಚಿ ಪುಟ ಹುಡುಕಿದರು. ಬೆರಳಿಟ್ಟು, ತಡೆದು ತಡೆದು ಅಂಚನ್ನು ಓದಿದರು. ‘“ಬೀಗ ಯಾಕೆ ಹಾಕಲಿಲ್ಲ? ಅರ್ಥ ಆಗಲಿಲ್ಲ. ಕೇಳಬೇಕು.” ನೋಡಿದ್ಯಾ? ಗೊತ್ತಾಗದೇ ಇದ್ದದ್ದನ್ನ ಬರೆದಿಟ್ಕೊಂಡಿದೆ. ದಡ್ಡ ಮಗು ಅಲ್ಲ. ಪಾಪ, ಯಾರನ್ನ ಕೇಳಿತೋ.’

ನನ್ನನ್ನೇ ಕೇಳಿರಬೇಕು. ಕೇಳಿದನೇ? ನಾನೇನು ಹೇಳಿದೆ? ಆಮೇಲೆ ಹೇಳುತ್ತೇನೆ ಅಂದೆನೇ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

‘ನೀನೇ ಹೇಳು, ಯಾಕೆ ಹಾಕಲಿಲ್ಲ?’

‘ನಾನು ಈ ಪುಸ್ತಕ ಓದಿಲ್ಲ, ಅತ್ತೆ.’

‘ಓದಿಲ್ವಾ!’ ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ‘ಮನೇಲಿಟ್ಕೊಂಡು? ಬಾ, ಕೂತ್ಕೋ. ಮೊದಲಿಂದ ಓದ್ತೀನಿ. ಅಡುಗೆ ಆಮೇಲೆ.’

ನೆಲದ ಮೇಲೆ ಕೂತೆ. ಅವರು ಮೊದಲ ಪುಟ ತೆರೆದರು. ಸಾಲಿನ ಕೆಳಗೆ ಬೆರಳು ಸರಿಸುತ್ತ ಗಟ್ಟಿಯಾಗಿ ಓದಿದರು. ಅಳಿಸಿದ ಕಡೆ ಸುಮ್ಮನೆ ದಾಟಿದರು. ಕೆಲವು ಸಂಜೆಗಳ ಓದಾಗಿ ಬೀಗದ ಪುಟಕ್ಕೆ ಬಂದಮೇಲೆ ಅಂಚಿನಲ್ಲಿದ್ದದ್ದನ್ನೂ ಓದತೊಡಗಿದರು, ಅದೇ ದನಿಯಲ್ಲಿ, ನಡುವೆ ನಿಲ್ಲಿಸದೆ. ಯಾವುದು ಕಥೆ, ಯಾವುದು ಅವನದು ಎಂದು ನನಗೆ ಕೂಡಲೇ ತಿಳಿಯುತ್ತಿರಲಿಲ್ಲ.