ಬುಡು

ಹಗ್ಗ ನಡುಗುತ್ತಿದೆ, ಇನ್ನೂ ನಡುಗುತ್ತಿದೆ, ಅಂದರೆ ಕೆಳಗೆ ಕಲ್ಲು ಎತ್ತುವ ತೊಟ್ಟಿಯನ್ನು ಯಾರೋ ಅಲುಗಿಸುತ್ತಿದ್ದಾರೆ, ಮಾರಯ್ಯನೇ ಇರಬೇಕು, ಚಿಕ್ಕಣ್ಣನನ್ನು ಎತ್ತಿ ಅದರೊಳಗೆ ಕೂರಿಸುತ್ತಿದ್ದಾನೆ, ಕೂರುವಷ್ಟು ತ್ರಾಣ ನನ್ನ ತಮ್ಮನಿಗೆ ಇರಲಿ ಶಿವನೇ — ಹೊಂಬಾಳಮ್ಮ ಬಾವಿಯ ಅಂಚಿಗೆ ಮಂಡಿಯೂರಿ ಬಗ್ಗಿದ್ದಾಳೆ, ನೀರಿಲ್ಲದ ಬಾವಿ, ನಾಲೆಯ ಸುರಂಗಕ್ಕೆ ಇಳಿಯುವುದಕ್ಕೆಂದು ತೋಡಿದ ಬಾವಿ, ಉಕ್ಕಿನ ಹಗ್ಗಕ್ಕೆ ಬಳಿದ ಗ್ರೀಸಿನ ಮೇಲೆ ಬಿಸಿಲು ಒಂದು ಚುಕ್ಕೆಯಾಗಿ ಅತ್ತಿತ್ತ ಹರಿದಾಡುತ್ತಿದೆ, ಅದರ ಕೆಳಗೆಲ್ಲ ಕತ್ತಲು. ಬಂಡೆ ಕೊರೆಯುವ ಕಂಪ್ರೆಸರ್ ನಿಲ್ಲಿಸಿದ್ದಾರೆ, ಈಗ ನಿಲ್ಲಿಸಿದ್ದಾರೆ, ತೆಂಗಿನ ಗರಿಗಳು ಸರಭರ ಅನ್ನುವುದು ಕೇಳುತ್ತಿದೆ, ಈ ತೋಟಕ್ಕೂ ಒಂದು ಸದ್ದಿತ್ತು ಅನ್ನುವುದೇ ಮರೆತುಹೋಗಿತ್ತು, ಆಗ ಒಂದೇ ಒಂದು ಗಳಿಗೆ ನಿಲ್ಲಿಸಿದ್ದರೆ ಚಿಕ್ಕಣ್ಣನ ಮಾತು ಪೂರ್ತಿ ಮೇಲೆ ಬರುತ್ತಿತ್ತಲ್ಲ. ಮಂಡಿಯ ಕೆಳಗೆ ಮಾಯಣ್ಣನ ಟವಲು ಮೆತ್ತಗಿದೆ, ನಾನು ಕೆಲಸಕ್ಕೆ ಬಂದ ಮೊದಲ ದಿನವೇ ನಾಲ್ಕು ಮಡಿಕೆ ಮಾಡಿ ಹಾಕಿಕೊಟ್ಟವನು, ಜಲ್ಲಿ ಒತ್ತುತ್ತೆ ಕಣಕ್ಕ, ಇದ್ರ ಮೇಲೆ ಕೂತ್ಕ, ದಿನಾ ಸಂಜೆ ಕೊಡವಿ ಹೆಗಲಿಗೆ ಹಾಕಿಕೊಂಡು ಹೋಗುತ್ತಾನೆ, ಬೆಳಿಗ್ಗೆ ಒಗೆದು ತರುತ್ತಾನೆ, ಆ ಮಾಯಣ್ಣನೇ ಹಗ್ಗ ಸುತ್ತುವ ವಿಂಚಿನ ಬ್ರೇಕು ಸಡಿಲಿಸಿದ್ದು, ಆ ಕೈಯೇ, ಇಲ್ಲ, ಕೈ ಅವನದು, ಮಾತು ನನ್ನದು.

ಅವಳ ಕೆಲಸ ಕೂಗುವುದು. ಮೊದಲು ಗಂಟೆಯಿತ್ತು, ಕೆಳಗಿನವರು ತಂತಿ ಎಳೆದರೆ ಮೇಲೆ ಢಣ್ ಅನ್ನುತ್ತಿತ್ತು, ಒಂದಕ್ಕೆ ನಿಲ್ಲಿಸು, ಎರಡಕ್ಕೆ ಇಳಿಸು, ಮೂರಕ್ಕೆ ಎಳೆ, ಗಂಟೆಯ ಮಾತಿಗೆ ಎರಡು ಅರ್ಥವಿರಲಿಲ್ಲ, ಬಂಡೆ ಸಿಡಿಸಿದ ದಿನ ತಂತಿ ಕಿತ್ತುಹೋಯಿತು, ಕಂಪ್ರೆಸರ್ ಸದ್ದಿಗೆ ಕೆಳಗಿನ ದನಿ ವಿಂಚಿನವರೆಗೆ ಮುಟ್ಟುವುದಿಲ್ಲ, ಅಂಚಿನಲ್ಲಿ ಒಬ್ಬರು ಬೇಕು ಅಂದರು ಮೇಸ್ತ್ರಿ ರೇವಣಸಿದ್ದಯ್ಯ, ನಮ್ಮಕ್ಕನ್ನ ಕರ್ಕಂಡು ಬತ್ತೀನಿ ಸ್ವಾಮಿ, ಅವಳ ಗಂಟ್ಲು ತುರುವೇಕೆರೆ ಬಸ್ಸಿನ ಹಾರನ್ನು, ಅಂತ ಚಿಕ್ಕಣ್ಣ ಎಲ್ಲರನ್ನೂ ನಗಿಸಿದ, ಥೂ ನಿನ್ನ ಅಂದು ಅವಳೂ ನಕ್ಕಳು. ನೀನು ಅರ್ಥ ಗಿರ್ಥ ಮಾಡಕ್ಕೆ ಹೋಗ್ಬ್ಯಾಡಮ್ಮ, ಕೆಳಗಿಂದ ಹೆಂಗೆ ಬತ್ತದೋ ಹಂಗೇ ದಾಟ್ಸು, ಅಷ್ಟೇ, ಅಂದಿದ್ದರು ಮೇಸ್ತ್ರಿ. ಹಾಗೇ ದಾಟಿಸಿದಳು. ತಂತಿ ಯಾವಾಗ ಬತ್ತದೆ ಸ್ವಾಮಿ ಅಂತ ಅವಳೇ ಕೇಳಿದ್ದಳಲ್ಲ, ಲಾರಿ ತಿಪಟೂರಿಗೆ ಹೋಗುತ್ತಲೇ ಇತ್ತು, ಸಿಮೆಂಟು ಬಂತು, ಸಿಡಿಮದ್ದು ಬಂತು, ಮೇಸ್ತ್ರಿಗೆ ಹೊಸ ಕುರ್ಚಿ ಬಂತು, ಬತ್ತದೆ ಬುಡಮ್ಮ ಅಂದರು, ಬುಡಮ್ಮ, ಅವರೂ ಅದೇ ಮಾತು.

ತೋಟದಲ್ಲಿ ಚಿಕ್ಕಣ್ಣ ಮೇಲೆ, ಅವಳು ಕೆಳಗೆ. ಎಳನೀರು ಗೊನೆಗೆ ಹಗ್ಗ ಬಿಗಿದು ಮರದ ತಲೆಯಿಂದ ಅವನು ಕಾಯುತ್ತಾನೆ, ಅವಳು ಕತ್ತೆತ್ತಿ, ಬುಡ್ಲಾ ಚಿಕ್ಕಾ, ಬುಡು, ಬುಡು, ಹಗ್ಗ ಸರಸರ ಸಡಿಲುತ್ತದೆ, ಗೊನೆ ಮಲಗಿದ ಕೂಸಿನ ಹಾಗೆ ನೆಲಕ್ಕೆ ತಾಗುತ್ತದೆ, ಒಂದು ಕಾಯೂ ಒಡೆಯುವುದಿಲ್ಲ. ಬುಡು ಅಂದರೆ ಹಗ್ಗ ಸಡಿಲಿಸುವುದು, ಅಷ್ಟೇ ತಿಳಿದಿತ್ತಾ ನನಗೆ, ಅತ್ತರೆ ಅವ್ವ ಸೆರಗಿನಿಂದ ಕಣ್ಣೊರೆಸಿ ಹೋದದ್ದು ಹೋಯ್ತು, ಬುಡು ಮಗ ಅನ್ನುತ್ತಿರಲಿಲ್ಲವಾ — ಇವತ್ತು ಕಲ್ಲು ತುಂಬಿದ ತೊಟ್ಟಿ ಏರುತ್ತಿತ್ತು, ಅದರ ಹಿಡಿಕೆಯ ಕಿವಿ ಗೋಡೆಯ ಮರದ ಆಸರೆಗೆ ಸಿಕ್ಕಿಕೊಂಡಿತು, ವಿಂಚು ಗೋಳಾಡಿತು, ಚಿಕ್ಕಣ್ಣ ಹಾರೆ ಹಿಡಿದು ಅದರಡಿಗೆ ಹೋದ, ಬುಡು, ನಾನ್ ಬುಡಿಸ್ತೀನಿ, ಎಳೀಬ್ಯಾಡ, ಅಂದನಂತೆ, ಪಕ್ಕದಲ್ಲೇ ಇದ್ದ ಮಾರಯ್ಯ ಆಮೇಲೆ ಕೂಗಿ ಹೇಳಿದ, ಅವಳಿಗೆ ಬಂದದ್ದು ಬುಡು ಒಂದೇ, ಉಳಿದದ್ದನ್ನು ಕಂಪ್ರೆಸರ್ ನುಂಗಿತು, ಅವಳು ತಿರುಗಿ ಕೈ ಬೀಸಿ, ತುರುವೇಕೆರೆ ಬಸ್ಸಿನ ಹಾರನ್ನು, ಬುಡೂ ಮಾಯಣ್ಣಾ.

ಏನಮ್ಮ ನೀನು ಕೂಗಿದ್ದು, ಮೇಸ್ತ್ರಿ ಓಡಿಬಂದು ಕೇಳಿದಾಗ ಮಾಯಣ್ಣ ಅಡ್ಡ ನಿಂತ, ಅಕ್ಕಂದೇನಿಲ್ಲ ಸ್ವಾಮಿ, ನನ್ನ ಕೈ ಜಾರ್ತು, ಜಾರಿರಲಿಲ್ಲ, ಅವನಿಗೆ ಗೊತ್ತು, ಅವಳಿಗೆ ಗೊತ್ತು, ಮನೆಯಲ್ಲಿ ಮೂರು ಮಕ್ಕಳಿರುವವನು ಯಾಕಪ್ಪ ಹೀಗೆ ಹೊತ್ತುಕೊಳ್ಳುತ್ತಾನೆ. ಚಿಕ್ಕಣ್ಣನ ಮೇಲೆ ಬಿದ್ದ ಅದೇ ತೊಟ್ಟಿಯನ್ನು ಮೆಲ್ಲಗೆ ಎತ್ತಿಸಿ ಪಕ್ಕಕ್ಕಿಟ್ಟು ಕಲ್ಲು ಸುರಿದಿದ್ದಾರೆ, ಅದರಲ್ಲೇ ಅವನು ಬರಬೇಕು, ಬೇರೆ ದಾರಿಯಿಲ್ಲ, ಅದೇ ವಿಂಚು, ಅದೇ ಬ್ರೇಕು, ಮತ್ತೆ ನಾನೇ ಕೂಗಬೇಕು. ಮಾರಯ್ಯಾ, ಎಳಿ ಅನ್ನು, ನಿಲ್ಸು ಅನ್ನು, ಇಳಿಸು ಅನ್ನು, ಆ ಮಾತೊಂದು ಮಾತ್ರ ಅನ್ನಬ್ಯಾಡ ಕಣಪ್ಪ, ಅಂತ ಬಾವಿಯೊಳಗೆ ಕೂಗಿ ಹೇಳಿದ್ದಾಳೆ, ಅನ್ನಲ್ಲ ಕಣಕ್ಕ, ಆಣೆಗೂ ಅನ್ನಲ್ಲ, ಉಸಿರಾಡ್ತಾವ್ನೆ, ಹೆದರಬ್ಯಾಡ ಅಂದಿದ್ದಾನೆ, ಉಸಿರಾಡ್ತಾವ್ನೆ, ಮೇಲೆ ಜೀಪು ಕಾದಿದೆ, ತಿಪಟೂರು ಆಸ್ಪತ್ರೆ ದೂರವೇನಲ್ಲ, ಮೇಸ್ತ್ರಿ ತಮ್ಮ ಕುರ್ಚಿಯ ದಿಂಬನ್ನು ಜೀಪಿನ ಹಿಂದೆ ಹಾಕಿಸಿದ್ದಾರೆ, ಹಗ್ಗ ನಡುಗುತ್ತಿದೆ, ಕಾಲು ಒಳಗಿಟ್ಟರಾ, ತಲೆ ಹುಷಾರು, ಬಿಸಿಲ ಚುಕ್ಕೆ ಕುಣಿಯುತ್ತಿದೆ, ಕುಣಿಯಲಿ, ಎಳಿ ಅನ್ನು ಮಾರಯ್ಯ, ಎಳಿ ಅನ್ನೋ, ಯಾಕೆ ಸುಮ್ಮನಾದೆ —

ಅಕ್ಕಾ. ಮಾರಯ್ಯನ ದನಿ, ಕೂಗಿದ ಹಾಗಿಲ್ಲ, ಪಕ್ಕದಲ್ಲಿ ಕೂತು ಬೆನ್ನು ಸವರಿ ಹೇಳಿದ ಹಾಗಿದೆ, ಬುಡಕ್ಕಾ, ಬುಡು. ಏನಂದ ಹೊಂಬಾಳಕ್ಕ, ಎಳೀಲಾ, ಮಾಯಣ್ಣ ಎರಡೂ ಕೈಯಲ್ಲಿ ಬ್ರೇಕು ಹಿಡಿದು ಅವಳ ಬಾಯನ್ನೇ ನೋಡುತ್ತಿದ್ದಾನೆ, ಮೇಸ್ತ್ರಿ ನೋಡುತ್ತಿದ್ದಾರೆ, ಹೆಂಗೆ ಬತ್ತದೋ ಹಂಗೇ ದಾಟ್ಸು, ಬಾಯಿ ತೆರೆದಿದೆ, ಆಣೆಗೂ ಅನ್ನಲ್ಲ ಅಂದಿದ್ದನಲ್ಲ, ಇದು ಹಗ್ಗಕ್ಕೆ ಹೇಳಿದ್ದಿರಬೇಕು, ಹಗ್ಗಕ್ಕೇ ಹೇಳಿದ್ದಿರಲಿ, ಗರಿಗಳು ಸರಭರ ಅನ್ನುತ್ತಿವೆ, ಗ್ರೀಸಿನ ಮೇಲೆ ಬಿಸಿಲ ಚುಕ್ಕೆ ಒಂದೇ ಕಡೆ ನಿಂತಿದೆ, ಹಗ್ಗ, ಹಗ್ಗ ನಡುಗುತ್ತಿಲ್ಲ