ಶಮಾಳ ರೊಪ್ಪ

ಶಬೀನಾ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕುದಾಪುರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಹಾಜರಾಗಬೇಕಿತ್ತು. ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ. ಮದುವೆಗೆ ಮುಂಚೆ ಕಲಿತದ್ದನ್ನು ಮೂರು ವರ್ಷದ ನಂತರ ಮತ್ತೆ ಕೈಗೆತ್ತಿಕೊಳ್ಳುವ ಅವಕಾಶ. ಅಡ್ಡಿ ಒಂದೇ: ಹದಿನೈದು ತಿಂಗಳ ಮಗಳು ಶಮಾ.

ಚಳ್ಳಕೆರೆಯ ಆ ಮನೆಯ ಮುಂಭಾಗದಲ್ಲೇ ಮಾವ ಬಾಬಾ ಜಾನ್ ಅವರ ಬೈಕ್ ಗ್ಯಾರೇಜು. ನಡುಮನೆಗೂ ಗ್ಯಾರೇಜಿಗೂ ನಡುವೆ ಇರುವುದು ಒಂದು ಹೊಸ್ತಿಲು ಮಾತ್ರ. ಶಮಾ ನಡೆಯಲು ಕಲಿತ ಎರಡು ವಾರದಲ್ಲಿ ಅವಳ ಬಾಯಿಂದ ಎರಡು ನಟ್ಟು, ಒಂದು ವಾಷರ್ ಹೊರತೆಗೆದಿದ್ದರು. ಅತ್ತೆ ರಜಿಯಾ ಬೇಗಂ ಅವರಿಗೆ ಮೊಣಕಾಲು ನೋವು; ಕೂತು ನೋಡಿಕೊಳ್ಳಬಲ್ಲರು, ಹಿಂದೆ ಓಡಲಾರರು. ಗಂಡ ಶಹನವಾಜ್ ಖಾಸಗಿ ಬಸ್ಸಿನ ಡ್ರೈವರ್. ಬೆಳಿಗ್ಗೆ ಐದಕ್ಕೆ ಹೊರಟರೆ ಮನೆ ಸೇರುವುದು ಕತ್ತಲಾದ ಮೇಲೆ. ಮಗುವನ್ನು ಮೊಳಕಾಲ್ಮೂರಿನ ತವರಿಗೆ ಕಳಿಸುವ ಮಾತೂ ಬಂತು. ವಾರಕ್ಕೊಮ್ಮೆ ಮಗಳ ಮುಖ ನೋಡುವಂಥ ಕೆಲಸ ತನಗೆ ಬೇಡವೆಂದಳು ಶಬೀನಾ.

“ಭಾನುವಾರ ಸಂಜೆಯೊಳಗೆ ಅವಳು ನಾನಿಲ್ದೆ ಒಂದು ಗಂಟೆ ಒಂದು ಕಡೆ ಇದ್ರೆ ಹೋಗ್ತೀನಿ ಅಬ್ಬಾ. ಇಲ್ಲಾಂದ್ರೆ ಫೋನ್ ಮಾಡಿ ಬರಲ್ಲ ಅಂತ ಹೇಳ್ತೀನಿ” ಎಂದಳು ಮಾವನಿಗೆ.

ಬಾಬಾ ಜಾನ್ ಶುಕ್ರವಾರ ನಮಾಜು ಮುಗಿಸಿ ಬಂದವರೇ ಅರ್ಧ ಇಂಚಿನ ಪೈಪು ಕೊಯ್ಯತೊಡಗಿದರು. ಎರಡು ದಿನದಲ್ಲಿ ನಡುಮನೆಗೆ ಒಂದು ಆಟದ ಬೇಲಿ ಸಿದ್ಧವಾಯಿತು. ಉದ್ದ ಐದಡಿ, ಅಗಲ ನಾಲ್ಕಡಿ, ಎತ್ತರ ಇಪ್ಪತ್ತೆಂಟು ಇಂಚು. ಕಂಬಿಗಳ ಸಂದು ಎರಡೂವರೆ ಇಂಚು. ಬೆಸುಗೆಯ ಗಂಟುಗಳನ್ನೆಲ್ಲ ಉಜ್ಜಿ ನುಣುಪು ಮಾಡಿದ್ದರು. ತಳಕ್ಕೆ ಹಲಗೆ ಇರಲಿಲ್ಲ. ನೆಲದ ಮೇಲೆ ಚಾಪೆ. ಗುಡಿಸುವಾಗ ರಜಿಯಾಗೆ ಸರಿಸಲು ಸುಲಭವಾಗಲೆಂದು ನಾಲ್ಕು ಮೂಲೆಗೂ ಗಾಲಿ. ಗಾಲಿಗೆ ಬೇರಿಂಗ್, ಬೇರಿಂಗಿಗೆ ಗ್ರೀಸ್.

ಭಾನುವಾರ ಹನ್ನೊಂದಕ್ಕೆ ಶಮಾಳನ್ನು ಒಳಗಿಳಿಸಿ ಶಬೀನಾ ಅಡುಗೆಮನೆಗೆ ಹೋದಳು. ನಾಲ್ಕನೇ ನಿಮಿಷಕ್ಕೆ ಬಾಗಿಲಲ್ಲಿ ಢಣ್ಣೆಂದಿತು. ತಿರುಗಿ ನೋಡಿದರೆ ಶಮಾ. ಎರಡೂ ಕೈಯಲ್ಲಿ ಕಂಬಿ ಹಿಡಿದು, ತಳ್ಳುತ್ತ ತಳ್ಳುತ್ತ, ಬೇಲಿಯ ಸಮೇತ ಬಂದಿದ್ದಳು. ಬಾಗಿಲು ಎರಡೂವರೆ ಅಡಿ, ಬೇಲಿ ನಾಲ್ಕಡಿ. ಅವಳನ್ನು ತಡೆದಿದ್ದು ಅದೊಂದೇ.

“ಎಷ್ಟು ಸಲೀಸಾಗಿ ಓಡ್ತೈತೆ ನೋಡು!” ಎಂದರು ಬಾಬಾ ಜಾನ್.

“ಗಾಡಿ ಮಾಡ್ರಿ ಅಂತ ಯಾರಾದ್ರೂ ಕೇಳಿದ್ರಾ?” ರಜಿಯಾ ಗದರಿದರು. “ಕೂಸು ನಾಳೆ ಬಸ್ ಸ್ಟ್ಯಾಂಡಿಗೇ ಹೋಗ್ತದೆ ಇದ್ರಾಗೆ.”

ಗಾಲಿ ಬಿಚ್ಚಿದ ಮೇಲೆ ಬೇಲಿ ಅಲುಗಲಿಲ್ಲ. ಆದರೆ ಶಮಾ ಅತ್ತಳು. ಮೊದಲ ಸಲ ಹನ್ನೊಂದು ನಿಮಿಷ, ಊಟದ ನಂತರ ಹದಿನಾಲ್ಕು ನಿಮಿಷ. ಎರಡೂ ಸಲ ಶಬೀನಾಳೇ ಎತ್ತಿಕೊಳ್ಳಬೇಕಾಯಿತು. ಮೂರು ಗಂಟೆಗೆ ಅವಳು ಸಂಸ್ಥೆಯ ಫೋನ್ ನಂಬರು ಹುಡುಕಿ ತೆಗೆದಿಟ್ಟುಕೊಂಡಳು.

ಅಷ್ಟು ಹೊತ್ತಿಗೆ ಕ್ಲಚ್ ಕೇಬಲ್ ಹಾಕಿಸಲು ನನ್ನಿವಾಳದ ಮುದ್ದಪ್ಪ ಬಂದ. ಅರವತ್ತು ಕುರಿಗಳ ಒಡೆಯ, ಬಾಬಾ ಜಾನ್ ಅವರಿಗೆ ಮೂವತ್ತು ವರ್ಷದ ಗೆಳೆಯ.

“ಏನ್ ಬಾಬಣ್ಣ, ಒಳಗೆ ಯಾರ್ನ ಕೂಡಿಹಾಕೀರಿ? ಆ ಪಾಟಿ ಕೂಗು!”

“ನನ್ ಮೊಮ್ಮಗಳು ಕಣ್ಲೇ. ನೀನೇ ನೋಡು ಬಾ.”

ಮುದ್ದಪ್ಪ ಬೇಲಿಯ ಸುತ್ತ ಒಂದು ಸುತ್ತು ಬಂದ. ಕಂಬಿ ಹಿಡಿದು ಅಲುಗಿಸಿದ. “ರೊಪ್ಪ ಬೋ ಗಟ್ಟಿ ಐತೆ” ಎಂದ. ಕುರಿಮರಿ ಕೂಡಿಹಾಕುವ ಬೇಲಿಗೆ ಅವರ ಕಡೆ ರೊಪ್ಪ ಎನ್ನುತ್ತಾರೆ. “ಆದ್ರೆ ಮರಿ ಒಂದ್ನೇ ಬಿಟ್ಟೀರಲ್ಲ? ನಾವು ಕುರಿ ಮೇಸಾಕೆ ಹೋಗುವಾಗ ಮರಿಗಳ ಜತೆಗೆ ಒಂದು ಮುದಿ ಕುರಿ ಬಿಟ್ಟೋಗ್ತೀವಿ. ಅದು ಸುಮ್ನೆ ಮಲಗಿರ್ತೈತೆ ಅಷ್ಟೆ. ಮರಿ ಅದ್ರ ಮೈಮ್ಯಾಲೆ ಹತ್ಕಂಡು ಇಳ್ಕಂಡು ಆಡ್ತಾವೆ. ಅವ್ವನ್ನ ನೆನೆಸಾಕಿಲ್ಲ.”

ಮೂವರೂ ರಜಿಯಾ ಬೇಗಂ ಅವರತ್ತ ನೋಡಿದರು.

“ಅಂದ್ರೆ ನಾನು ಮುದಿ ಕುರಿ?”

“ನಾನು ಹೆಸರು ಹೇಳ್ಲಿಲ್ಲವ್ವ ರಜಿಯಕ್ಕ” ಎಂದ ಮುದ್ದಪ್ಪ.

ರಜಿಯಾ ನಕ್ಕರು. ಓಡಬೇಕಿಲ್ಲ, ಕೂತರೆ ಸಾಕು ಎನ್ನುವುದು ಅವರಿಗೆ ಹೊಳೆದಿತ್ತು. ಆದರೆ ಬೇಲಿಗೆ ಬಾಗಿಲಿರಲಿಲ್ಲ, ನೆಲದ ಮೇಲೆ ಕೂರಲು ಅವರ ಮೊಣಕಾಲು ಒಪ್ಪುತ್ತಿರಲಿಲ್ಲ. ಬಾಬಾ ಜಾನ್ ಮುದ್ದಪ್ಪನ ಬೈಕನ್ನು ಹಾಗೇ ಬಿಟ್ಟು ಬೇಲಿಯನ್ನು ಮಗ್ಗುಲಿಗೆ ವಾಲಿಸಿ ಗ್ಯಾರೇಜಿಗೆ ಎಳೆದರು. ಒಂದು ಬದಿ ಕೊಯ್ದು ಎರಡಡಿಯ ಬಾಗಿಲು ಮಾಡಿ ಕೀಲು ಕೂಡಿಸಿದರು. ಗುಜರಿಗೆ ಹೋಗಬೇಕಿದ್ದ ಹಳೆಯ ವ್ಯಾನಿನ ಸೀಟೊಂದನ್ನು ಒರೆಸಿ, ಮರದ ಪಟ್ಟಿಯ ಮೇಲೆ ಕೂರಿಸಿ, ಬೇಲಿಯೊಳಗೆ ಮೂಲೆಗೆ ಇಟ್ಟರು. ಎಲ್ಲವನ್ನೂ ಮತ್ತೆ ನಡುಮನೆಗೆ ಸೇರಿಸಲು ಮುದ್ದಪ್ಪನೂ ಕೈಜೋಡಿಸಿದ.

ಐದೂಕಾಲಿಗೆ ರಜಿಯಾ ಬೇಗಂ ಒಂಬತ್ತು ಸ್ಟೀಲ್ ಬಟ್ಟಲು, ಎರಡು ಚೆಂಡು ಹಿಡಿದು ಒಳಹೊಕ್ಕರು. ಶಬೀನಾ ಗ್ಯಾರೇಜಿನಲ್ಲಿ, ಮಗುವಿಗೆ ಕಾಣದ ಹಾಗೆ, ಗಾಳಿ ಪಂಪಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು. ಮೊದಲು ಅಳು ಕೇಳಿಸಿತು. ಎರಡು ನಿಮಿಷಕ್ಕೆ ಬಟ್ಟಲಿನ ಸದ್ದು. ಆಮೇಲೆ ಬಟ್ಟಲಿನ ಸದ್ದು ಮಾತ್ರ. ಮುದ್ದಪ್ಪನ ಬೈಕು ಸಿದ್ಧವಾಗಿತ್ತು, ಆದರೂ ಅವನು ಹೊರಡಲಿಲ್ಲ. ಗಳಿಗೆಗೊಮ್ಮೆ “ಎಷ್ಟಾತವ್ವ?” ಎನ್ನುತ್ತಿದ್ದ.

ಆರೂಕಾಲಿಗೆ ಶಬೀನಾ ಒಳಗೆ ಇಣುಕಿದಳು. ಶಮಾ ಒಂದೊಂದೇ ಬಟ್ಟಲು ಅಜ್ಜಿಯ ಮಡಿಲಿಗೆ ಹಾಕುತ್ತಿದ್ದಳು. ತುಂಬಿದ ಮೇಲೆ ಒಂದೊಂದೇ ತೆಗೆಯುತ್ತಿದ್ದಳು. ತಾಯಿಯನ್ನು ಕಂಡಳು. ಕೈಯಲ್ಲಿದ್ದ ಬಟ್ಟಲು ನೋಡಿದಳು. ಬಟ್ಟಲೇ ಮುಖ್ಯವೆನಿಸಿತು.

ಶಬೀನಾಗೆ ಚೂರು ಬೇಸರವಾಯಿತು. ಅದಕ್ಕಿಂತ ಹೆಚ್ಚು ನಗು ಬಂತು. ಫೋನಿನಲ್ಲಿ ತೆಗೆದಿಟ್ಟಿದ್ದ ನಂಬರನ್ನು ಮುಚ್ಚಿ, ನಾಳೆ ಉಡುವ ಬಟ್ಟೆ ಇಸ್ತ್ರಿ ಮಾಡಲು ಹೋದಳು.

ಸೋಮವಾರ ಹನ್ನೊಂದಕ್ಕೆ ಕುದಾಪುರದಿಂದ ಅತ್ತೆಗೆ ಫೋನ್ ಮಾಡಿದಳು. “ಅಮ್ಮೀ, ಅಳ್ತಿದಾಳಾ?”

“ಇಲ್ಲ. ನನ್ನ ಮಾತ್ರ ಏಳಕ್ಕೆ ಬಿಡ್ತಿಲ್ಲ. ಚಹಾ ನಿಮ್ಮ ಮಾವನೇ ಮಾಡಿದ್ರು. ಆ ನಾಲ್ಕು ಗಾಲಿ ನನ್ನ ಸೀಟಿಗೆ ಹಾಕ್ಲಾ ಅಂತ ಬೆಳಗ್ಗೆಯಿಂದ ಮೂರು ಸಲ ಕೇಳಿದ್ರು.”

“ನೀವೇನಂದ್ರಿ?”

“ನನ್ನ ಸೊಸೆ ಡ್ಯೂಟಿ ಮುಗಿಸಿ ಬರೋ ತನಕ ಏನೂ ಮುಟ್ಟಬೇಡ್ರಿ ಅಂದೆ.”