ಅಕ್ಕ ಬಡಿಸಿದರೆ

ಇಂಚರ ಈ ಸಲವೂ ಚೆಂಡನ್ನು ಅಕ್ಕನಿಗೇ ಕೊಟ್ಟಳು. ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ತಾನೊಬ್ಬಳೇ ನಿಂತಿದ್ದಳು, ಅಡ್ಡ ಬರಲು ನರಪಿಳ್ಳೆಯೂ ಇರಲಿಲ್ಲ. ಕೈಯೆತ್ತಿ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವಳು ತಿರುಗಿ, ಇಬ್ಬರು ಎದುರಾಳಿಗಳ ನಡುವೆ ಸಿಕ್ಕಿಕೊಂಡಿದ್ದ ಅಕ್ಕ ಶರಣ್ಯಾಳನ್ನು ಹುಡುಕಿ ಕೊಟ್ಟಳು. ಚೆಂಡು ಹೋಯಿತು, ಅದರ ಹಿಂದೆಯೇ ಪಂದ್ಯವೂ ಹೋಯಿತು.

"ಯಾಕೆ?" ಎಂದ ಕೋಚ್ ನಿಕ್ಷಾ.

"ಸಾರಿ, ಕೋಚ್."

"ಸಾರಿ ಬೇಡ. ಯಾಕೆ?"

ಹುಡುಗಿ ಮತ್ತೆ ಸಾರಿ ಎಂದಳು. ನಿಕ್ಷಾನಿಗೆ ತಲೆ ಚಿಟ್ಟು ಹಿಡಿಯಿತು. ಕ್ರೊಯೇಷಿಯಾದ ಝಾದರ್ ಎಂಬ ಕಡಲೂರಿನಲ್ಲಿ ಅವನು ನಡೆಯಲು ಕಲಿತದ್ದೂ ಚೆಂಡು ಪುಟಿಸಲು ಕಲಿತದ್ದೂ ಹೆಚ್ಚುಕಡಿಮೆ ಒಟ್ಟಿಗೇ. ಖಾಲಿ ಬುಟ್ಟಿ ಕಂಡೂ ಚೆಂಡು ಹಾಕದವನನ್ನು ಅಲ್ಲಿ ಸ್ವಂತ ಮನೆಯವರೂ ಮಾತಾಡಿಸುವುದಿಲ್ಲ. ಅಲ್ಲಿ ಇಲ್ಲಿ ಆಡಿ, ಕೊನೆಗೆ ಮಲೇಷ್ಯಾದ ಲೀಗಿಗೆ ಬಂದಾಗ ಬಲಮಂಡಿ ಕೈಕೊಟ್ಟಿತು. ಆಪರೇಷನ್ ಆಯಿತು, ಆಟ ಮುಗಿಯಿತು. ಊರಿಗೆ ಮರಳಿ ಅಣ್ಣನ ಮೀನಿನ ದೋಣಿಯಲ್ಲಿ ಕೂರುವುದೇ ಎಂದು ಯೋಚಿಸುತ್ತಿದ್ದವನಿಗೆ ಮಲೇಷ್ಯಾದಲ್ಲೇ, ಸುಬಾಂಗ್ ಜಯಾ ಎಂಬ ಊರಿನ ಈ ಹುಡುಗಿಯರ ತಂಡ ಸಿಕ್ಕಿತ್ತು. ಆಡುವಾಗ ಅವನಿಗೆ ಮಾತಿನ ಹಂಗಿರಲಿಲ್ಲ. ಈಗ ಎಲ್ಲವನ್ನೂ ಬಾಯಲ್ಲಿ ಹೇಳಬೇಕು, ಅದೂ ಹರಕುಮುರುಕು ಇಂಗ್ಲಿಷಿನಲ್ಲಿ. ಕ್ಲಬ್ಬಿನ ಅಧ್ಯಕ್ಷ ಜಯರಾಮ ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು 'ಲಾ' ಸೇರಿಸಿ ನಯವಾಗಿಯೇ ತಿಳಿಸಿದ್ದರು: "ಸೆಮಿಫೈನಲ್ ತಲುಪಿದ್ರೆ ನೆಕ್ಸ್ಟ್ ಇಯರ್ ಕೂಡ ನೀನೇ. ಇಲ್ಲಾಂದ್ರೆ ಕಷ್ಟ, ಲಾ." ಇನ್ನು ಉಳಿದಿದ್ದದ್ದು ಒಂದೇ ಪಂದ್ಯ, ಅದನ್ನು ಗೆಲ್ಲಲೇಬೇಕಿತ್ತು.

ನಿಕ್ಷಾನಿಗೆ ಹೊಳೆದ ಉಪಾಯ ಸರಳವಾಗಿತ್ತು. ಅಕ್ಕ ಅಂಗಳದಲ್ಲಿದ್ದರೆ ತಾನೇ ಅಕ್ಕನಿಗೆ ಕೊಡುವುದು? ಮರುದಿನದ ಅಭ್ಯಾಸದಲ್ಲಿ ಶರಣ್ಯಾಳನ್ನು ಬೆಂಚಿನಲ್ಲಿ ಕೂರಿಸಿದ. ಇಂಚರಳ ಆಟ ಪೂರ್ತಿ ನೆಲಕಚ್ಚಿತು. ಕೈಗೆ ಬಂದದ್ದೆಲ್ಲ ಜಾರಿತು, ಸಾರಿ ಸಾರಿಗೂ ಬೆಂಚಿನ ಕಡೆ ನೋಡಿ ಕಣ್ಣು ತುಂಬಿಕೊಂಡಳು. ಅಕ್ಕನ ಜಾಗ ಕಸಿದುಕೊಂಡೆನೆಂಬ ಸಂಕಟ ಅವಳಿಗೆ, ತಂಗಿ ಅಳುವುದು ತನ್ನಿಂದಲೇ ಎಂಬ ಸಂಕಟ ಅಕ್ಕನಿಗೆ. ನಿಕ್ಷಾ ಅದನ್ನು ಸೋಮಾರಿತನವೆಂದು ತಿಳಿದು ಇಬ್ಬರನ್ನೂ ಗದರಿದ. ಗದರಿದ ಮೇಲೆ ಅವನಿಗೇ ಹೆದರಿಕೆಯಾಯಿತು. ಆಡಲು ಬಂದವನಿಗೆಲ್ಲ ಆಡಿಸಲು ಬರಬೇಕೆಂದೇನಿಲ್ಲವಲ್ಲ.

ಮಕ್ಕಳನ್ನು ಕರೆದೊಯ್ಯಲು ಬಂದ ತಾಯಿ ಮೋಹಿನಿ ಅವರ ಮುಖ ನೋಡಿದಳು, ಆಮೇಲೆ ನಿಕ್ಷಾನ ಮುಖವನ್ನೂ ನೋಡಿದಳು. ಉಡುಪಿಯವಳು, ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಡಾಕ್ಟರು. ಮೂವರ ಮೋರೆಯೂ ಬಾಡಿರುವಾಗ ಯಾರದು ತಪ್ಪು ಎಂದು ವಿಚಾರಿಸುವ ಜಾಯಮಾನ ಅವಳದಲ್ಲ. ಭಾನುವಾರ ಊಟಕ್ಕೆ ಬನ್ನಿ ಎಂದಳು, ಅಷ್ಟೇ.

ಪಕ್ಕದ ಪುಚೊಂಗ್ ಊರಿನ ಅವರ ಮನೆಯಲ್ಲಿ ಕಾವಲಿಯಿಂದ ನೀರುದೋಸೆ ಒಂದೊಂದಾಗಿ ಇಳಿಯುತ್ತಿತ್ತು. ಒಲೆಯ ಬಳಿ ಮೋಹಿನಿ, ಬಡಿಸಲು ಶರಣ್ಯಾ. ದೋಸೆಯ ಪಾತ್ರೆ ಇಂಚರಳ ಮೊಣಕೈಗೆ ತಾಗುವಷ್ಟು ಹತ್ತಿರವಿತ್ತು. ಆದರೂ ಅವಳು ಖಾಲಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು.

"ತಿನ್ನು," ಎಂದ ನಿಕ್ಷಾ.

"ಅಕ್ಕ ಈಸ್ ಕಮಿಂಗ್, ಕೋಚ್."

ಶರಣ್ಯಾ ಬಂದು ಎರಡು ದೋಸೆ ಹಾಕಿದಳು. ಇಂಚರ ಸಾಕೆಂದಳು. ಶರಣ್ಯಾ ಅದನ್ನು ಕಿವಿಗೇ ಹಾಕಿಕೊಳ್ಳದೆ ಇನ್ನೊಂದನ್ನು ಹಾಕಿ ಒಲೆಯ ಕಡೆ ನಡೆದಳು. ಇಂಚರ ಗೊಣಗುತ್ತ ಅದನ್ನೂ ತಿಂದು ಮುಗಿಸಿದಳು.

"ಬೇಡ ಅಂದಳಲ್ಲ?" ನಿಕ್ಷಾ ಮೋಹಿನಿಯನ್ನು ಕೇಳಿದ.

ಮೋಹಿನಿ ನಕ್ಕು ಇಂಗ್ಲಿಷಿನಲ್ಲಿ ವಿವರಿಸಿದಳು. ತಾನು ಡ್ಯೂಟಿಯಲ್ಲಿರುವಾಗೆಲ್ಲ ಚಿಕ್ಕವಳಿಗೆ ಬಡಿಸಿ ದೊಡ್ಡದು ಮಾಡಿದ್ದು ಶರಣ್ಯಾಳೇ. ಚಿಕ್ಕವಳು ತಾನಾಗಿ ಒಂದು ಚೂರೂ ತೆಗೆದುಕೊಳ್ಳುವವಳಲ್ಲ, ಆದರೆ ಅಕ್ಕ ಬಡಿಸಿದರೆ ಬಿಡುವವಳೂ ಅಲ್ಲ. ಆಮೇಲೆ ದೊಡ್ಡ ಮಗಳತ್ತ ತಿರುಗಿ ಕನ್ನಡದಲ್ಲಿ, "ಕೋಚಿಗೂ ಇನ್ನೊಂದು ಹಾಕು ಮಾರಾಯ್ತಿ, ಅವರು ಕೇಳ್ಲಿಕ್ಕೆ ನಾಚಿಕೆ ಮಾಡುದು," ಎಂದಳು.

ನಿಕ್ಷಾನ ಕೈ ತಟ್ಟೆಯ ಮೇಲೇ ನಿಂತಿತು. ಇಷ್ಟು ದಿನ ಅವನು ಮಾತಾಡಬೇಕಾದ ಅಕ್ಕನನ್ನು ಬಿಟ್ಟು ತಂಗಿಯ ಜೊತೆ ಮಾತಾಡುತ್ತಿದ್ದ.

ಅಂದೇ ಬಾಲ್ಕನಿಯಲ್ಲಿ ಶರಣ್ಯಾಳಿಗೆ ಹೇಳಿದ. ಮೊದಲು ಗದರಿದ್ದಕ್ಕೆ ಕ್ಷಮೆ ಕೇಳಿದ. ಆಮೇಲೆ, "ಇನ್ನು ಚೆಂಡು ತರುವವಳು ನೀನು, ಹಾಕುವವಳು ಅವಳು. ಮನೆಯಲ್ಲಿ ಬಡಿಸಿದ ಹಾಗೆ ಅಲ್ಲೂ ಬಡಿಸು. ಬೇಡ ಅಂದರೂ ಬಡಿಸು," ಎಂದ.

ತಂಡದಲ್ಲಿ ಹೆಚ್ಚು ಅಂಕ ಗಳಿಸುತ್ತಿದ್ದವಳು ಶರಣ್ಯಾಳೇ. ಅವಳು ಕೆಳಗಿನ ರಸ್ತೆಯತ್ತ ಮುಖ ಮಾಡಿ ಕೇಳಿದಳು:

"ಶಿ ಈಸ್ ಬೆಟರ್ ದ್ಯಾನ್ ಮಿ, ಅಲ್ವಾ ಕೋಚ್?"

ಆ ಒಂದು ಕನ್ನಡ ಪದ ಅರ್ಥವಾಗದಿದ್ದರೂ ಪ್ರಶ್ನೆ ಅರ್ಥವಾಗಿತ್ತು. ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ. "ಹೌದು," ಎಂದ.

"ಐ ನೋ, ಲಾ," ಎಂದಳು ಶರಣ್ಯಾ. "ಬಟ್ ಡೋಂಟ್ ಟೆಲ್ ಹರ್."

ಕೊನೆಯ ಪಂದ್ಯದಲ್ಲಿ ಶರಣ್ಯಾ ಚೆಂಡು ತಂದು ತಂದು ತಂಗಿಯ ಕೈಗಿತ್ತಳು. ಇಂಚರ ಹಿಂದಿರುಗಿಸಲು ನೋಡಿದರೆ ಅಕ್ಕ ಆಗಲೇ ಬೆನ್ನು ತಿರುಗಿಸಿರುತ್ತಿದ್ದಳು. ಬೇರೆ ದಾರಿಯಿಲ್ಲದೆ ಹಾಕಿದಳು, ಕೆಲವು ಬಿದ್ದವು, ಕೆಲವು ಬೀಳಲಿಲ್ಲ. ಕೊನೆಕೊನೆಗೆ ತಂಡ ಒಂದೇ ಅಂಕದಿಂದ ಹಿಂದಿತ್ತು. ಇಂಚರ ಎಸೆದದ್ದು ಬುಟ್ಟಿಯ ಅಂಚಿಗೆ ತಾಗಿ ಹೊರಗೆ ಹಾರಿತು. ಕೂಗಲು ಬಾಯಿ ತೆರೆದ ನಿಕ್ಷಾ ಕಷ್ಟಪಟ್ಟು ಮುಚ್ಚಿಕೊಂಡ. ಪುಟಿದ ಚೆಂಡು ಮತ್ತೆ ಶರಣ್ಯಾಳ ಕೈಸೇರಿತು.

ಆಗ ಮೂಲೆಯಿಂದ ಒಂದು ದನಿ ಕೇಳಿತು. ಇಡೀ ಸೀಸನ್ನಿನಲ್ಲಿ ಅಂಗಳದ ಮೇಲೆ ಯಾರೂ ಕೇಳದಿದ್ದ ದನಿ.

"ಅಕ್ಕಾ, ನಂಗೆ ಕೊಡು."

ಅಕ್ಕ ಕೊಟ್ಟಳು. ತಂಗಿ ಯಾರ ಮುಖವನ್ನೂ ನೋಡದೆ ಎಸೆದಳು. ಚೆಂಡು ಬಲೆಯೊಳಗೆ ಇಳಿಯಿತು, ಅದರೊಂದಿಗೆ ಆಟ ಮುಗಿದ ಗಂಟೆಯೂ ಮೊಳಗಿತು.

ಜಯರಾಮ ಓಡೋಡಿ ಬಂದು ನಿಕ್ಷಾನ ಕೈ ಕುಲುಕಿ ಮುಂದಿನ ವರ್ಷದ ಮಾತು ತೆಗೆದರು. ನಿಕ್ಷಾ ತಲೆಯಾಡಿಸಿದ. ಆದರೆ ಅವನ ಕಿವಿ ಇದ್ದದ್ದು ಬೆಂಚಿನ ಕಡೆ. ಅಲ್ಲಿ ಇಂಚರ ಅಕ್ಕನ ಜೊತೆ ಜಗಳಕ್ಕೆ ನಿಂತಿದ್ದಳು.

"ನೀನು ಲೇಟಾಗಿ ಕೊಟ್ಟದ್ದು."

"ನೀನು ಅಷ್ಟು ದೂರ ನಿಂತ್ರೆ?"

"ನಾನ್ ಎಲ್ಲಿ ಬೇಕಾದ್ರೂ ನಿಲ್ತೇನೆ."

ಮಾತಿಗೆ ಮಾತು ಬೆಳೆಸುತ್ತಲೇ ಇಬ್ಬರೂ ಚೆಂಡುಗಳ ಚೀಲವನ್ನು ಆಚೆ ಈಚೆ ಹಿಡಿದೆತ್ತಿ ಹೊರಟರು. ನಿಕ್ಷಾ ಕುಂಟುತ್ತ ಮುಂದೆ ಹೋಗಿ ಅವರಿಗೆ ಬಾಗಿಲು ತೆರೆದು ಹಿಡಿದ.